ವಿದ್ಯುತ್ತು ಹರಿಯುವ ಶಾಯಿ: ಓದುಗರ ಪ್ರಶ್ನೆಗಳು, ನಮ್ಮ ಉತ್ತರಗಳು

ಬಳುಕುವ ಪ್ಲಾಸ್ಟಿಕ್ ಹಾಳೆಯ ಮೇಲೆ ವಾಹಕ ಪಾಲಿಮರುಗಳಿಂದ, ಅಂದರೆ ವಿದ್ಯುತ್ತು ಹರಿಯಬಿಡುವ ಪ್ಲಾಸ್ಟಿಕ್ ಜಾತಿಯ ವಸ್ತುಗಳಿಂದ, ವಿದ್ಯುನ್ಮಂಡಲಗಳನ್ನು ಮುದ್ರಿಸುವ ತಂತ್ರದ ಬಗ್ಗೆ ಕಳೆದ ಸಂಚಿಕೆಯಲ್ಲಿ ಚಿಕ್ಕ ಟಿಪ್ಪಣಿಯೊಂದನ್ನು ಪ್ರಕಟಿಸಿದ್ದೆವು. ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಕೆಲವನ್ನು ಆಯ್ದು ಇಲ್ಲಿ ಉತ್ತರಿಸಲಾಗಿದೆ. ಒಂದು ಉತ್ತರ ಉದ್ದವಾಗಿದೆ. ಆ ಪ್ರಶ್ನೆಯನ್ನು ಕೇಳಿದವರು ಕೈಯಾರೆ ಮಾಡಿ ನೋಡಿ, ಎಡವಿ, ಆಮೇಲೆ ಬರೆದಿರುವುದೇ ಅದಕ್ಕೆ ಕಾರಣ.

ಪ್ರಶ್ನೆ: ನಿಮ್ಮ ಟಿಪ್ಪಣಿಯಲ್ಲಿ ‘ಸಾವಯವ ಇಲೆಕ್ಟ್ರಾನಿಕ್ಸ್’ ಎಂಬ ಮಾತಿತ್ತು. ನಾನು ಐದು ಎಕರೆಯಲ್ಲಿ ಸಾವಯವ ಪದ್ಧತಿಯಿಂದ ಭತ್ತ ಬೆಳೆಯುತ್ತೇನೆ. ರಾಸಾಯನಿಕ ಬಳಸದೆ ತಯಾರಿಸಿದ ಇಲೆಕ್ಟ್ರಾನಿಕ್ ವಸ್ತು ಎಂದು ಇದರ ಅರ್ಥವೇ? ಕೆಟ್ಟ ಮೇಲೆ ಹೊಲಕ್ಕೆ ಎಸೆದರೆ ಗೊಬ್ಬರವಾಗುತ್ತದೆಯೇ?
— ಭತ್ತದ ಬೆಳೆಗಾರರು, ಸಿಂಧನೂರು ತಾಲ್ಲೂಕು

ಉತ್ತರ: ಹಾಗಲ್ಲ. ಒಂದೇ ಶಬ್ದವನ್ನು ಎರಡು ಮನೆಗಳು ಬೇರೆ ಬೇರೆ ಅರ್ಥದಲ್ಲಿ ಬಳಸುತ್ತಿರುವುದರಿಂದ ಈ ಗೊಂದಲ ಹುಟ್ಟಿದೆ. ರಸಾಯನಶಾಸ್ತ್ರದಲ್ಲಿ ‘ಸಾವಯವ’ ಎಂದರೆ ಇಂಗಾಲದ ಸಂಯುಕ್ತ, ಅಷ್ಟೇ. ಜೀವಿಗಳ ದೇಹದಲ್ಲಿ ಮಾತ್ರ ಇಂಥ ವಸ್ತುಗಳು ಹುಟ್ಟಬಲ್ಲವೆಂದು ಒಂದು ಕಾಲದಲ್ಲಿ ನಂಬಿದ್ದರು. 1828ರಲ್ಲಿ ಜರ್ಮನಿಯ ಫ್ರೆಡ್ರಿಕ್ ವೋಲರ್ ಪ್ರಾಣಿಯ ನೆರವಿಲ್ಲದೆ ಪ್ರಯೋಗಾಲಯದಲ್ಲಿಯೇ ಯೂರಿಯಾ ತಯಾರಿಸಿದ ಮೇಲೆ ಆ ನಂಬಿಕೆ ಸಡಿಲವಾಯಿತು, ಆದರೆ ಹೆಸರು ಹಾಗೆಯೇ ಉಳಿಯಿತು. ಹೀಗಾಗಿ ನೀವು ಗದ್ದೆಯ ಬದುವಿನೊಳಗೆ ಬಿಟ್ಟುಕೊಳ್ಳದ ಯೂರಿಯಾ ಚೀಲವೇ ರಸಾಯನಶಾಸ್ತ್ರಜ್ಞರ ಲೆಕ್ಕದಲ್ಲಿ ಶುದ್ಧ ಸಾವಯವ ವಸ್ತು! ಮುದ್ರಿತ ಮಂಡಲಗಳ ವಾಹಕ ಪಾಲಿಮರು ಕೂಡ ಇದೇ ಅರ್ಥದಲ್ಲಿ ಸಾವಯವ. ಅದು ಕಾರ್ಖಾನೆಯಲ್ಲಿ ತಯಾರಾಗುವ ಪ್ಲಾಸ್ಟಿಕ್. ಅದನ್ನು ಹೊರುವ ಹಾಳೆಯೂ ನೀರಿನ ಬಾಟಲಿಯ ಜಾತಿಯ ಪ್ಲಾಸ್ಟಿಕ್. ಜೊತೆಗೆ ಬೆಳ್ಳಿಯ ಗೆರೆಗಳಿದ್ದರೆ ಆ ಬೆಳ್ಳಿ ಮಣ್ಣಿನ ಸೂಕ್ಷ್ಮಜೀವಿಗಳಿಗೆ ಒಳ್ಳೆಯದಲ್ಲ. ದಯವಿಟ್ಟು ಹೊಲಕ್ಕೆ ಎಸೆಯಬೇಡಿ.

ಪ್ರಶ್ನೆ: ಶಾಕ್ ಹೊಡೆಯಬಾರದೆಂದೇ ವೈರಿಗೆ ಪ್ಲಾಸ್ಟಿಕ್ ಹೊದಿಸುತ್ತಾರೆ. ಅಂಥ ಪ್ಲಾಸ್ಟಿಕ್ಕಿನಲ್ಲಿ ವಿದ್ಯುತ್ತು ಹರಿಯುವುದು ಹೇಗೆ? ತಾಮ್ರದ ಮುಂದೆ ಅದು ಎಷ್ಟರಮಟ್ಟಿನದು?
— ಡಿಪ್ಲೊಮಾ ವಿದ್ಯಾರ್ಥಿನಿ, ರಾಯಚೂರು

ಉತ್ತರ: ಪಾಲಿಥೀನಿನ ಉದ್ದನೆಯ ಸರಪಳಿಯಲ್ಲಿ ಇಂಗಾಲದ ಪರಮಾಣುಗಳು ಒಂಟಿ ಬಂಧಗಳಿಂದ ಕೂಡಿಕೊಂಡಿರುತ್ತವೆ, ಪ್ರತಿಯೊಂದು ಇಲೆಕ್ಟ್ರಾನೂ ತನ್ನ ಬಂಧದಲ್ಲಿ ಸಿಕ್ಕಿಬಿದ್ದಿರುವುದರಿಂದ ಅಲ್ಲಿ ವಿದ್ಯುತ್ತು ಹರಿಯಲು ದಾರಿಯಿಲ್ಲ. ವಾಹಕ ಪಾಲಿಮರುಗಳಲ್ಲಿ ಒಂಟಿ ಬಂಧ, ಜೋಡಿ ಬಂಧ ಒಂದಾದ ಮೇಲೊಂದರಂತೆ ಬರುತ್ತವೆ, ಮತ್ತು ಜೋಡಿ ಬಂಧದ ಎರಡನೆಯ ಜೊತೆ ಇಲೆಕ್ಟ್ರಾನುಗಳು ಇಡೀ ಸರಪಳಿಯ ಉದ್ದಕ್ಕೂ ಹರಡಿಕೊಳ್ಳುತ್ತವೆ. ಇಷ್ಟೇ ಆದರೆ ಸಾಲದು. ಕಾಲಿಡಲು ಜಾಗವಿಲ್ಲದಂತೆ ತುಂಬಿದ ಬಸ್ಸಿನಲ್ಲಿ ಯಾರೂ ಅಲುಗಾಡಲಾರರು. ನಾಲ್ಕು ಜನ ಇಳಿದರೆ ಮಾತ್ರ ಉಳಿದವರು ಮುಂದೆ ಸರಿಯುತ್ತಾರೆ. ಹಾಗೆಯೇ ಸರಪಳಿಯಿಂದ ಕೆಲವು ಇಲೆಕ್ಟ್ರಾನುಗಳನ್ನು ಬೇರೊಂದು ರಾಸಾಯನಿಕ ಕಿತ್ತುಕೊಳ್ಳಬೇಕು. ಇದನ್ನು ಡೋಪಿಂಗ್ ಎನ್ನುತ್ತಾರೆ.

ಇದು ತಿಳಿದುಬಂದ ಬಗೆ ಸ್ವಾರಸ್ಯಕರವಾಗಿದೆ. ಜಪಾನಿನ ಹಿದೆಕಿ ಶಿರಕಾವಾ ಅವರ ಪ್ರಯೋಗಾಲಯದಲ್ಲಿ ಯಾರೋ ತಪ್ಪಿ ಸುಮಾರು ಸಾವಿರ ಪಟ್ಟು ಹೆಚ್ಚು ವೇಗವರ್ಧಕವನ್ನು ಹಾಕಿದ್ದರಿಂದ ಕಪ್ಪು ಪುಡಿಯ ಬದಲು ಬೆಳ್ಳಿಯಂತೆ ಹೊಳೆಯುವ ಪಾಲಿಅಸಿಟಿಲೀನ್ ಪೊರೆ ಹುಟ್ಟಿತು. 1977ರಲ್ಲಿ ಅವರು ಅಮೆರಿಕದ ಅಲನ್ ಮ್ಯಾಕ್‌ಡಿಯರ್‌ಮಿಡ್ ಮತ್ತು ಅಲನ್ ಹೀಗರ್ ಅವರೊಂದಿಗೆ ಸೇರಿ ಆ ಪೊರೆಗೆ ಅಯೊಡಿನ್ ಆವಿ ತಾಗಿಸಿದಾಗ ಅದರ ವಾಹಕತೆ ಕೋಟಿ ಪಟ್ಟು ಏರಿತು. 2000ದಲ್ಲಿ ಮೂವರಿಗೂ ರಸಾಯನಶಾಸ್ತ್ರದ ನೊಬೆಲ್ ದೊರೆಯಿತು. ಪಾಲಿಅಸಿಟಿಲೀನ್ ಗಾಳಿಗೆ ಕೆಡುವ ವಸ್ತುವಾದ್ದರಿಂದ ಬಳಕೆಗೆ ಬರಲಿಲ್ಲ. ಬಳಕೆಗೆ ಬಂದದ್ದು 1980ರ ದಶಕದ ಕೊನೆಯಲ್ಲಿ ಜರ್ಮನಿಯ ಬೇಯರ್ ಕಂಪನಿಯ ಪ್ರಯೋಗಾಲಯಗಳಲ್ಲಿ ರೂಪುಗೊಂಡ ‘ಪೆಡಾಟ್’ ಎಂಬ ವಾಹಕ ಪಾಲಿಮರು. ಪಾಲಿಸ್ಟೈರೀನ್ ಸಲ್ಫೊನೇಟ್ ಅಥವಾ ಪಿಎಸ್‌ಎಸ್ ಎಂಬ ಇನ್ನೊಂದು ಪಾಲಿಮರಿನ ಜೊತೆ ಸೇರಿಸಿದರೆ ಅದು ನೀರಿನಲ್ಲಿ ಕಡುನೀಲಿ ದ್ರವವಾಗಿ ಹರಡಿಕೊಂಡು ನಿಲ್ಲುತ್ತದೆ. ನೀರಿನಲ್ಲಿ ನಿಂತಿತೆಂದರೆ ಬಳಿಯಬಹುದು, ಬಳಿಯಬಹುದೆಂದರೆ ಮುದ್ರಿಸಬಹುದು. ಮೊದಮೊದಲು ಅದನ್ನು ಫೋಟೊ ಫಿಲ್ಮಿನ ಸುರುಳಿಯಲ್ಲಿ ಸ್ಥಿರ ವಿದ್ಯುತ್ತು ಕೂಡಿಕೊಳ್ಳದಂತೆ ಬಳಿಯುತ್ತಿದ್ದರು.

ತಾಮ್ರದ ವಾಹಕತೆ ಸೆಂಟಿಮೀಟರಿಗೆ ಸುಮಾರು 6 ಲಕ್ಷ ಸೀಮೆನ್ಸ್ (ವಿದ್ಯುತ್ತು ಎಷ್ಟು ಸುಲಭವಾಗಿ ಹರಿಯುತ್ತದೆಂದು ಅಳೆಯುವ ಮಾನ ಇದು). ಚೆನ್ನಾಗಿ ಸಂಸ್ಕರಿಸಿದ ಪೆಡಾಟ್ ಪೊರೆಯದು ಕೆಲವು ನೂರರಿಂದ ಸುಮಾರು ಸಾವಿರ. ಮನೆಯ ವೈರಿಂಗಿಗೆ ಇದು ಬರುವುದಿಲ್ಲ, ಬರಬೇಕಾಗಿಯೂ ಇಲ್ಲ. ಬಳುಕಬೇಕು, ಪಾರದರ್ಶಕವಾಗಿರಬೇಕು, ಚರ್ಮಕ್ಕೆ ಮೆತ್ತಗೆ ತಾಗಿಕೊಂಡಿರಬೇಕು, ಹರಿಯುವ ಪ್ರವಾಹ ಮಾತ್ರ ಅತ್ಯಲ್ಪ ಎಂಬಂಥ ಕಡೆಗಳಲ್ಲಿ ಇದಕ್ಕೆ ಕೆಲಸವಿದೆ.

ಪ್ರಶ್ನೆ: ನನ್ನದು ಲಗ್ನಪತ್ರಿಕೆ, ಸ್ಟಿಕ್ಕರ್, ಲೇಬಲ್‌ಗಳ ಸ್ಕ್ರೀನ್ ಪ್ರಿಂಟಿಂಗ್ ಅಂಗಡಿ. ಬೆಂಗಳೂರಿನಲ್ಲಿ ಓದುತ್ತಿರುವ ಅಳಿಯ ತಂದುಕೊಟ್ಟ ಪೆಡಾಟ್ ದ್ರವದ ಸಣ್ಣ ಬಾಟಲಿಯಿಂದ, ನಾನು ದಿನವೂ ಬಳಸುವ ಫ್ರೇಮಿನಲ್ಲಿಯೇ, ಪಾರದರ್ಶಕ ಪ್ಲಾಸ್ಟಿಕ್ ಹಾಳೆಯ ಮೇಲೆ 10 ಸೆಂಟಿಮೀಟರ್ ಉದ್ದ, 1 ಮಿಲಿಮೀಟರ್ ಅಗಲದ ಗೆರೆಗಳನ್ನು ಮುದ್ರಿಸಿದೆ. ದ್ರವ ಹನಿಹನಿಯಾಗಿ ಒಡೆಯಿತು. ಎರಡನೆಯ ಹಾಳೆಯ ಹೊತ್ತಿಗೆ ಫ್ರೇಮಿನ ಅಚ್ಚಿನ ಅಂಚುಗಳು ಮೆತ್ತಗಾದವು. ಸರಿಯಾಗಿ ಕೂತ ಒಂದೆರಡು ಗೆರೆಗಳನ್ನು ಬಿಸಿಲಿನಲ್ಲಿ ಒಣಗಿಸಿ ಮಲ್ಟಿಮೀಟರ್ ಹಚ್ಚಿದರೆ 50 ಲಕ್ಷ ಓಮ್ ತೋರಿಸಿತು. ಮರುದಿನ ಮಳೆಯ ಮೋಡವಿತ್ತು. ಅಳತೆ ಬೇರೆಯೇ ಬಂತು. ನನ್ನ ತಪ್ಪೋ, ಮಾಲಿನ ತಪ್ಪೋ? ಈ ಕೆಲಸ ನನ್ನಂಥವರ ಅಂಗಡಿಯಲ್ಲಿ ಆಗುವಂಥದ್ದೇ?
— ಸ್ಕ್ರೀನ್ ಪ್ರಿಂಟರ್, ಬಳ್ಳಾರಿ

ಉತ್ತರ: ಮಾಲು ಕೆಟ್ಟಿಲ್ಲ, ನಿಮ್ಮ ಕೈಯೂ ತಪ್ಪಿಲ್ಲ. ನೀವು ಬರೆದ ನಾಲ್ಕು ತೊಂದರೆಗಳಿಗೂ ಪ್ರತ್ಯೇಕ ಕಾರಣಗಳಿವೆ, ಮತ್ತು ಅವುಗಳಲ್ಲಿ ಎರಡು ವಿದ್ಯುತ್ತಿಗೆ ಸಂಬಂಧಿಸಿದವಲ್ಲ, ಮುದ್ರಣಕ್ಕೆ ಸಂಬಂಧಿಸಿದವು.

ಮೊದಲು ಹನಿಯ ಮಾತು. ನೀರಿನ ಮೇಲ್ಮೈ ಎಳೆತ ಮೀಟರಿಗೆ 72 ಮಿಲಿನ್ಯೂಟನ್. ಪಾಲಿಯೆಸ್ಟರ್ ಹಾಳೆಯ ಮೇಲ್ಮೈಗೆ ಇರುವ ಹಿಡಿತ ಸುಮಾರು 43. ಹಿಡಿತಕ್ಕಿಂತ ಎಳೆತ ಹೆಚ್ಚಾದಾಗ ದ್ರವ ಹರಡುವ ಬದಲು ಕೆಸುವಿನೆಲೆಯ ಮೇಲಿನ ನೀರಿನಂತೆ ಮುದುಡಿಕೊಳ್ಳುತ್ತದೆ. ಕ್ಯಾರಿಬ್ಯಾಗ್ ಮುದ್ರಿಸುವವರು ಹಾಳೆಗೆ ಮೊದಲು ಕರೋನಾ ಟ್ರೀಟ್‌ಮೆಂಟ್ (ಶಾಯಿ ಹಿಡಿಯುವಂತೆ ಮೇಲ್ಮೈಗೆ ವಿದ್ಯುತ್ತಿನ ಕಿಡಿ ತಾಗಿಸುವ ಕ್ರಮ) ಕೊಡಿಸುವುದನ್ನು ನೀವು ಬಲ್ಲಿರಿ. ಇಲ್ಲಿಯೂ ಅದೇ ಮದ್ದು. ಟ್ರೀಟ್‌ಮೆಂಟ್ ಆದ ಬದಿಯ ಮೇಲೆ ಮುದ್ರಿಸಬೇಕು, ಹಾಳೆಯನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ ಬೆರಳಿನ ಜಿಡ್ಡು ತೆಗೆಯಬೇಕು. ಇದಕ್ಕಿಂತಲೂ ಮುಖ್ಯವಾದದ್ದೆಂದರೆ ನಿಮ್ಮ ಬಾಟಲಿಯಲ್ಲಿರುವುದು ಬಹುಶಃ ಇಂಕ್‌ಜೆಟ್ಟಿಗೋ ಲೇಪನಕ್ಕೋ ತಯಾರಿಸಿದ, ನೀರಿನಷ್ಟೇ ತೆಳುವಾದ ದ್ರವ. ಇಂಕ್‌ಜೆಟ್ ಯಂತ್ರ ಒಂದು ಮಿಲಿಲೀಟರಿನ ನೂರು ಕೋಟಿಯಲ್ಲಿ ಒಂದು ಪಾಲಿನ ಲೆಕ್ಕದಲ್ಲಿ ಹನಿಗಳನ್ನು ಚಿಮ್ಮಿಸುತ್ತದೆಯಾದ್ದರಿಂದ ಅದಕ್ಕೆ ತೆಳು ಶಾಯಿಯೇ ಬೇಕು. ಸ್ಕ್ರೀನಿಗಾದರೋ ಶಾಯಿ ತಳ್ಳುವ ರಬ್ಬರ್ ಪಟ್ಟಿಯಾದ ಸ್ಕ್ವೀಜಿಯ ಮುಂದೆ ಉರುಳಿಕೊಂಡು ಹೋಗಿ, ಫ್ರೇಮಿನ ಬಲೆಯಾದ ಮೆಶ್ ದಾಟಿದ ಮೇಲೆ ನಿಂತಲ್ಲೇ ನಿಲ್ಲುವ, ಜೇನುತುಪ್ಪಕ್ಕಿಂತ ಗಟ್ಟಿಯಾದ ಪೇಸ್ಟು ಬೇಕು. ಪೆಡಾಟ್ ಕೂಡ ಸ್ಕ್ರೀನ್ ಪೇಸ್ಟಿನ ರೂಪದಲ್ಲಿ ದೊರೆಯುತ್ತದೆ. ಅದನ್ನೇ ಕೇಳಿ ತರಿಸಬೇಕು.

ಅಚ್ಚು ಮೆತ್ತಗಾದದ್ದು ಎಮಲ್ಷನ್ನಿನಿಂದ, ಅಂದರೆ ಮೆಶ್‌ಗೆ ಹಚ್ಚಿ ಬೆಳಕಿಗೆ ಒಡ್ಡಿ ಅಚ್ಚು ಮೂಡಿಸುವ ಲೇಪದಿಂದ. ನೀವು ದಿನವೂ ಬಳಸುವ ಶಾಯಿಗಳು ಥಿನ್ನರಿನಲ್ಲಿ ಕರಗುವಂಥವು. ಅವುಗಳಿಗೆ ತಡೆದುಕೊಳ್ಳುವ ಎಮಲ್ಷನ್ ನೀರಿಗೆ ತಡೆದುಕೊಳ್ಳಬೇಕೆಂದಿಲ್ಲ. ಪೆಡಾಟ್ ದ್ರವ ನೀರಿನದು, ಸಾಲದ್ದಕ್ಕೆ ನಿಂಬೆರಸದಷ್ಟು ಹುಳಿ. ಬಟ್ಟೆಯ ಮೇಲೆ ನೀರಿನ ಶಾಯಿಯಿಂದ ಮುದ್ರಿಸುವವರು ಬಳಸುವ ಎಮಲ್ಷನ್ ಹಚ್ಚಿ, ಎಕ್ಸ್‌ಪೋಸ್ ಮಾಡುವ ಹೊತ್ತನ್ನು ಪೂರ್ತಿ ಕೊಡಿ. ಆ ಹುಳಿ ಅಲ್ಯೂಮಿನಿಯಮ್ಮನ್ನು ತಿನ್ನುವುದರಿಂದ ಗೆರೆಯ ತುದಿಗೆ ಅಲ್ಯೂಮಿನಿಯಮ್ ಹಾಳೆ ಅಂಟಿಸಬೇಡಿ. ಮೊದಲು ಕಾರ್ಬನ್ ಪೇಸ್ಟಿನಿಂದ ಎರಡು ಚೌಕಗಳನ್ನು ಮುದ್ರಿಸಿಕೊಂಡು ಅವುಗಳ ಮೇಲೆ ಗೆರೆ ಎಳೆಯಿರಿ. ಬೆಸುಗೆಯ ಯೋಚನೆಯನ್ನೂ ಬಿಡಿ, ಹಾಳೆ ಕರಗಿಹೋಗುತ್ತದೆ. ಒತ್ತಿ ಹಿಡಿಯುವ ಕ್ಲಿಪ್ಪು ಅಥವಾ ವಾಹಕ ಅಂಟು ಸಾಕು.

ಈಗ 50 ಲಕ್ಷ ಓಮ್‌ನ ಲೆಕ್ಕ. ಇದನ್ನು ಸ್ವಲ್ಪ ನಿಧಾನವಾಗಿ ನೋಡೋಣ, ಏಕೆಂದರೆ ಈ ಒಂದು ಲೆಕ್ಕ ತಿಳಿದವರಿಗೆ ಮುಂದಿನ ಯಾವ ಶಾಯಿಯ ಬೆಲೆಯನ್ನೂ ತೂಗಿ ನೋಡಲು ಬರುತ್ತದೆ. ತೆಳು ಪೊರೆಯ ರೋಧವನ್ನು ‘ಚೌಕಕ್ಕೆ ಇಷ್ಟು ಓಮ್’ ಎಂದು ಹೇಳುತ್ತಾರೆ. ಚೌಕ ಚಿಕ್ಕದಿರಲಿ, ದೊಡ್ಡದಿರಲಿ, ಒಂದು ಅಂಚಿನಿಂದ ಎದುರಿನ ಅಂಚಿಗೆ ರೋಧ ಒಂದೇ. ಉದ್ದ ಹೆಚ್ಚಿದಷ್ಟೇ ಅಗಲವೂ ಹೆಚ್ಚಿ ಎರಡೂ ಸರಿದೂಗುತ್ತವೆ. ನಿಮ್ಮ ಗೆರೆಯಲ್ಲಿ 1 ಮಿಲಿಮೀಟರಿನ ನೂರು ಚೌಕಗಳು ಸಾಲಾಗಿ ಕೂತಿವೆ. 20 ಮೈಕ್ರೊಮೀಟರ್ ದಪ್ಪದ ಹಸಿ ಗೆರೆಯಲ್ಲಿ ನೂರಕ್ಕೆ ಒಂದು ಪಾಲು ಮಾತ್ರ ಗಟ್ಟಿ ಪದಾರ್ಥವಿದ್ದರೆ, ಒಣಗಿದ ಮೇಲೆ ಉಳಿಯುವುದು 200 ನ್ಯಾನೊಮೀಟರ್. ಏನೂ ಬೆರೆಸದ ಪೆಡಾಟ್‌ನ ವಾಹಕತೆ ಸೆಂಟಿಮೀಟರಿಗೆ ಒಂದು ಸೀಮೆನ್ಸ್ ಎಂದು ಹಿಡಿದರೆ ಚೌಕಕ್ಕೆ 50 ಸಾವಿರ ಓಮ್. ನೂರು ಚೌಕಕ್ಕೆ 50 ಲಕ್ಷ. ನಿಮ್ಮ ಮೀಟರು ಸುಳ್ಳು ಹೇಳಿಲ್ಲ.

ಇಷ್ಟು ಕಡಿಮೆ ವಾಹಕತೆಗೆ ಕಾರಣ ಪಿಎಸ್‌ಎಸ್. ಪೆಡಾಟ್‌ನ್ನು ನೀರಿನಲ್ಲಿ ನಿಲ್ಲಿಸುವ ಉಪಕಾರ ಮಾಡಿದ ಆ ಪಾಲಿಮರು ಸ್ವತಃ ವಿದ್ಯುತ್ತನ್ನು ಬಿಟ್ಟುಕೊಡುವುದಿಲ್ಲ. ಪ್ರತಿ ಕಣದ ಸುತ್ತ ಸಿಪ್ಪೆಯಂತೆ ಕೂತು ಒಂದು ಕಣವನ್ನು ಇನ್ನೊಂದರಿಂದ ದೂರವಿಡುತ್ತದೆ. ದ್ರವಕ್ಕೆ ನೂರಕ್ಕೆ ಐದು ಪಾಲಿನಷ್ಟು ಎಥಿಲೀನ್ ಗ್ಲೈಕಾಲ್ ಅಥವಾ ಡಿಎಂಎಸ್‌ಒ ಎಂಬ, ನಿಧಾನವಾಗಿ ಆರುವ ದ್ರಾವಕವನ್ನು ಬೆರೆಸಿದರೆ ಒಣಗುವ ಹೊತ್ತಿನಲ್ಲಿ ಈ ಸಿಪ್ಪೆ ಪಕ್ಕಕ್ಕೆ ಸರಿದು, ಪೆಡಾಟ್ ಸರಪಳಿಗಳು ಒಂದಕ್ಕೊಂದು ತಾಗಿ ಕೂರುತ್ತವೆ, ಮತ್ತು ವಾಹಕತೆ ನೂರಾರು ಪಟ್ಟು ಏರುತ್ತದೆ. 500 ಸೀಮೆನ್ಸ್ ಸಿಕ್ಕರೂ ಅದೇ ಗೆರೆ 10 ಸಾವಿರ ಓಮ್‌ಗೆ ಇಳಿಯುತ್ತದೆ. ಕಾರಿನ ಕೂಲಂಟಿನಲ್ಲಿಯೂ ಎಥಿಲೀನ್ ಗ್ಲೈಕಾಲ್ ಇರುತ್ತದೆಂದು ಅದನ್ನು ಸುರಿಯಬೇಡಿ. ಅದರಲ್ಲಿ ಬಣ್ಣ, ತುಕ್ಕು ತಡೆಯುವ ಲವಣಗಳು ಇನ್ನೂ ಏನೇನೋ ಇರುತ್ತವೆ. ಶುದ್ಧವಾದದ್ದೂ ಹೊಟ್ಟೆಗೆ ಹೋದರೆ ವಿಷವೇ.

ಆದರೆ ಈ ದ್ರಾವಕಗಳ ಕುದಿಬಿಂದು 190 ಡಿಗ್ರಿಯ ಆಸುಪಾಸು. ಬಳ್ಳಾರಿಯ ಬಿಸಿಲು ಎಷ್ಟೇ ಹೆಸರುವಾಸಿಯಾದರೂ ಅದರಿಂದ ಇವು ಹೊರಟುಹೋಗುವುದಿಲ್ಲ. 120ರಿಂದ 130 ಡಿಗ್ರಿಯಲ್ಲಿ ಹತ್ತು-ಹದಿನೈದು ನಿಮಿಷ ಒಲೆಯೊಳಗಿಡಬೇಕು. ಇಲ್ಲಿ ಇನ್ನೊಂದು ತೊಡಕು: ಪಾಲಿಯೆಸ್ಟರ್ ಹಾಳೆ 70-80 ಡಿಗ್ರಿ ದಾಟಿತೆಂದರೆ ಸಡಿಲಗೊಳ್ಳತೊಡಗುತ್ತದೆ, ಕುಗ್ಗುತ್ತದೆ, ಎರಡನೆಯ ಪದರ ಮೊದಲನೆಯದರ ಮೇಲೆ ಸರಿಯಾಗಿ ಕೂರುವುದಿಲ್ಲ. ಆದ್ದರಿಂದ ಕಾಯಿಸಿ ಕುಗ್ಗಿಸಿಟ್ಟ ಹಾಳೆಯನ್ನೇ ಕೊಳ್ಳಬೇಕು. ಅದು ಸಿಗದಿದ್ದರೆ ನಿಮ್ಮ ಹಾಳೆಯನ್ನು ಮುದ್ರಣಕ್ಕೆ ಮೊದಲೇ ಅದೇ ಬಿಸಿಯಲ್ಲಿ ಒಮ್ಮೆ ಕಾಯಿಸಿಕೊಳ್ಳಿ. ಹೀಗೆ ಬಳಸಿದ ಒಲೆಯಲ್ಲಿ ಮತ್ತೆ ಅಡುಗೆ ಮಾಡಬಾರದೆಂದು ಬೇರೆ ಹೇಳಬೇಕಿಲ್ಲ. ಬೇಸಿಗೆಯ ಒಣಗಾಳಿ ನಿಮಗೆ ನೆರವಾಗುವ ಬದಲು ತೊಂದರೆಯನ್ನೇ ಕೊಡುತ್ತದೆ: ಗೆರೆ ಒಣಗುವುದಕ್ಕೆ ಮೊದಲು ಮೆಶ್‌ನ ಕಣ್ಣಲ್ಲೇ ಶಾಯಿ ಒಣಗಿ ಮುಚ್ಚಿಕೊಳ್ಳುತ್ತದೆ. ಏಪ್ರಿಲ್-ಮೇ ತಿಂಗಳಲ್ಲಿ ಬೆಳಗಿನ ಜಾವ ಕೆಲಸ ಮಾಡುವುದು ಲೇಸು.

ಮರುದಿನ ಅಳತೆ ಬದಲಾದದ್ದಕ್ಕೂ ಪಿಎಸ್‌ಎಸ್ ಕಾರಣ. ಅದು ಉಪ್ಪಿನಂತೆ ಗಾಳಿಯ ತೇವ ಹೀರಿ ಉಬ್ಬುತ್ತದೆ, ಮತ್ತೆ ಬಿಸಿಲು ಬಿದ್ದರೆ ಬಿಡುತ್ತದೆ. ಒಲೆಯಿಂದ ತೆಗೆದ ಕೂಡಲೇ ಮೇಲೆ ಲ್ಯಾಮಿನೇಷನ್ ಹಾಳೆ ಹಾಕಿದರೆ ಏರಿಳಿತ ಬಹಳಮಟ್ಟಿಗೆ ತಗ್ಗುತ್ತದೆ. ತೇವವನ್ನು ಅಳೆಯುವ ಸಂವೇದಕ ಮಾಡುವವರು ಇದೇ ದೋಷವನ್ನು ಗುಣವಾಗಿ ಬಳಸಿಕೊಳ್ಳುತ್ತಾರೆ, ಅದು ಬೇರೆ ಮಾತು. ಉಳಿದ ದ್ರವವನ್ನು ಫ್ರಿಜ್ಜಿನ ಕೆಳಗಿನ ಅಂಕಣದಲ್ಲಿ, ತಿನ್ನುವ ಪದಾರ್ಥಗಳಿಂದ ದೂರ ಇಡಿ. ಫ್ರೀಜರಿನಲ್ಲಿಟ್ಟರೆ ಗರಣೆಗಟ್ಟಿ ಕೆಡುತ್ತದೆ.

ಕಡೆಯದಾಗಿ, ಇದು ನಿಮ್ಮ ಅಂಗಡಿಯಲ್ಲಿ ಆಗುವುದೇ ಎಂಬ ಪ್ರಶ್ನೆ. ನಮ್ಮ ಅಭಿಪ್ರಾಯದಲ್ಲಿ ನೀವು ಪೆಡಾಟ್‌ನಿಂದ ಆರಂಭಿಸಬಾರದು, ಬೆಳ್ಳಿ ಮತ್ತು ಕಾರ್ಬನ್ ಪೇಸ್ಟಿನಿಂದ ಆರಂಭಿಸಬೇಕು. ಎಪಿಎಂಸಿ ಅಂಗಡಿಗಳ ಇಲೆಕ್ಟ್ರಾನಿಕ್ ತೂಕದ ಯಂತ್ರದಲ್ಲಿ ಬೆರಳಿನಿಂದ ಒತ್ತುವ ಚಪ್ಪಟೆ ಗುಂಡಿಗಳ ಹಾಳೆಯನ್ನು ಬಿಡಿಸಿ ನೋಡಿದರೆ ಸಾಮಾನ್ಯವಾಗಿ ಒಳಗೆ ಕಾಣುವುದು ಪಾಲಿಯೆಸ್ಟರಿನ ಮೇಲೆ ಸ್ಕ್ರೀನ್ ಪ್ರಿಂಟ್ ಮಾಡಿದ ಬೆಳ್ಳಿ ಗೆರೆಗಳೇ. ಬೆಳ್ಳಿ ಪೇಸ್ಟಿನಿಂದ ಚೌಕಕ್ಕೆ ಒಂದು ಓಮ್‌ನ ಸಣ್ಣ ಭಾಗದಷ್ಟು, ಕಾರ್ಬನ್ನಿನಿಂದ ಹತ್ತಾರು ಓಮ್ ರೋಧ ಸಿಗುತ್ತದೆ. ನಿಮ್ಮ ನೂರು ಚೌಕದ ಗೆರೆ ಬೆಳ್ಳಿಯಲ್ಲಿ ಕೆಲವೇ ಓಮ್ ಆಗುತ್ತದೆ. ಬೆಳ್ಳಿ ದುಬಾರಿಯಾದ್ದರಿಂದ ಒಂದು ಹಾಳೆ ಕೆಟ್ಟರೂ ಕೈ ಸುಡುತ್ತದೆ; ಅಭ್ಯಾಸವನ್ನೆಲ್ಲ ಕಾರ್ಬನ್ನಿನಲ್ಲಿ ಮಾಡಿ. ಒಂದು ಬಣ್ಣದ ಮೇಲೆ ಇನ್ನೊಂದು ಸರಿಯಾಗಿ ಕೂರುವಂತೆ ನಾಲ್ಕು ಬಣ್ಣದ ಲಗ್ನಪತ್ರಿಕೆ ಮುದ್ರಿಸಬಲ್ಲ ಕೈಗೆ ಈ ಕೆಲಸದ ಅರ್ಧ ಭಾಗ ಆಗಲೇ ಬಂದಿದೆ. ಉಳಿದರ್ಧ ಒಣಗಿಸುವ ಒಲೆಯಲ್ಲಿದೆ. ಹೆಚ್ಚಿನ ತಿಳಿವಳಿಕೆ ಬೇಕೆಂದರೆ ಬಳುಕುವ ಇಲೆಕ್ಟ್ರಾನಿಕ್ಸ್‌ಗಾಗಿಯೇ ಕಾನ್ಪುರದ ಐಐಟಿಯಲ್ಲಿ ರಾಷ್ಟ್ರೀಯ ಕೇಂದ್ರವೊಂದಿದೆ. ನಿಮ್ಮ ಅಳಿಯನಿಗೆ ಹತ್ತಿರವಾಗುವುದು ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರ.

ಪ್ರಶ್ನೆ: ಸಕ್ಕರೆ ಕಾಯಿಲೆಗೆ ದಿನವೂ ರಕ್ತ ನೋಡಿಕೊಳ್ಳುವ ಪಟ್ಟಿಯಲ್ಲಿ ಕಪ್ಪು ಗೆರೆಗಳಿವೆ. ಅವೂ ಮುದ್ರಿಸಿದವೇ?
— ನಿವೃತ್ತ ಗುಮಾಸ್ತರು, ಗಂಗಾವತಿ

ಉತ್ತರ: ಹೌದು. ಕಪ್ಪು ಗೆರೆಗಳು ಸ್ಕ್ರೀನ್ ಪ್ರಿಂಟ್ ಮಾಡಿದ ಕಾರ್ಬನ್. ಗ್ಲುಕೋಸಿನ ಜೊತೆ ವರ್ತಿಸುವ ಕಿಣ್ವವನ್ನೂ ಅದರ ಮೇಲೆ ಲೇಪಿಸಿರುತ್ತಾರೆ; ಹುಟ್ಟುವ ಅತ್ಯಲ್ಪ ಪ್ರವಾಹವನ್ನು ನಿಮ್ಮ ಮೀಟರು ಎಣಿಸುತ್ತದೆ. ಈ ಬಗೆಯ ಮೊದಲ ಮೀಟರು 1987ರಲ್ಲಿ ಮಾರುಕಟ್ಟೆಗೆ ಬಂತು. ಚಿನ್ನದಂಥ ಹೊಳಪಿನ ಗೆರೆಗಳಿರುವ ಪಟ್ಟಿಗಳೂ ಇವೆ; ಅವುಗಳಲ್ಲಿ ಲೋಹದ ತೆಳು ಪೊರೆ ಇರುತ್ತದೆ.

ಪ್ರಶ್ನೆ: ನಮ್ಮದು ಜೀನ್ಸ್ ಹೊಲಿಯುವ ಘಟಕ. ಪ್ಯಾಂಟಿನ ಮೇಲೆ ಇಂಥ ಮಂಡಲ ಮುದ್ರಿಸಬಹುದೇ? ಒಗೆದರೆ, ಮಡಚಿದರೆ ಉಳಿಯುತ್ತದೆಯೇ?
— ಘಟಕದ ಮಾಲೀಕರು, ಬಳ್ಳಾರಿ

ಉತ್ತರ: ಮುದ್ರಿಸಬಹುದು, ಆದರೆ ನಿಮ್ಮ ವಾಷಿಂಗ್ ಕೆಲಸ ಮುಗಿದ ಮೇಲೆ. ಬಣ್ಣ ತೆಳುವಾಗಿಸಲು ಬಳಸುವ ಹೈಪೊಕ್ಲೋರೈಟ್ ಬ್ಲೀಚು ಪೆಡಾಟ್‌ಗೆ ಶತ್ರು. ಡೋಪಿಂಗಿನಲ್ಲಿ ಕೆಲವೇ ಇಲೆಕ್ಟ್ರಾನುಗಳನ್ನು ಕಿತ್ತರೆ ವಾಹಕವಾಗುತ್ತದೆಂದು ಮೇಲೆ ಹೇಳಿದೆವಷ್ಟೆ; ಬ್ಲೀಚು ಮಿತಿ ಮೀರಿ ಕಿತ್ತು ಸರಪಳಿಯನ್ನೇ ಹಾಳುಗೆಡವುತ್ತದೆ, ಗೆರೆ ಕಣ್ಣಿಗೆ ಕಾಣುತ್ತಿದ್ದರೂ ವಿದ್ಯುತ್ತು ಹರಿಯುವುದಿಲ್ಲ. ಸಾದಾ ಸೋಪಿನ ಒಗೆತಕ್ಕೂ ಮೇಲೊಂದು ಪಾಲಿಯುರಿಥೇನ್ ಹೊದಿಕೆ ಬೇಕೇ ಬೇಕು. ಡೆನಿಮ್ಮಿನ ಉಬ್ಬುತಗ್ಗುಗಳ ಮೇಲೆ ನೇರವಾಗಿ ಮುದ್ರಿಸಿದರೆ ತೆಳು ಗೆರೆ ತುಂಡಾಗುವುದರಿಂದ ಮೊದಲು ನುಣುಪಾದ ತಳಪದರ ಹಾಕಬೇಕು, ಇಲ್ಲವೇ ಹಾಳೆಯ ಮೇಲೆ ಮುದ್ರಿಸಿ ಬಿಸಿ ಒತ್ತಿನಿಂದ ಬಟ್ಟೆಗೆ ವರ್ಗಾಯಿಸಬೇಕು.

ಮಡಚುವ ಬಗ್ಗೆ ಒಂದು ಸರಳ ಸೂತ್ರವಿದೆ. ಹಾಳೆಯ ದಪ್ಪವನ್ನು ಬಾಗಿನ ತ್ರಿಜ್ಯದ ಎರಡರಷ್ಟರಿಂದ ಭಾಗಿಸಿದರೆ ಹೊರಮೈ ಎಷ್ಟು ಹಿಗ್ಗುತ್ತದೆಂದು ತಿಳಿಯುತ್ತದೆ. 100 ಮೈಕ್ರೊಮೀಟರಿನ ಹಾಳೆಯನ್ನು 5 ಮಿಲಿಮೀಟರ್ ತ್ರಿಜ್ಯಕ್ಕೆ ಬಾಗಿಸಿದರೆ ನೂರಕ್ಕೆ ಒಂದು ಪಾಲು. 25 ಮೈಕ್ರೊಮೀಟರಿನದಾದರೆ ಅದರ ಕಾಲು ಭಾಗ. ಮೊಬೈಲ್ ಪರದೆಗಳಲ್ಲಿ ಬಳಸುವ ಇಂಡಿಯಮ್-ತವರದ ಆಕ್ಸೈಡ್ ನೂರಕ್ಕೆ ಒಂದೆರಡು ಪಾಲು ಹಿಗ್ಗುವಷ್ಟರಲ್ಲಿ ಸೀಳುತ್ತದೆ. ಪಾಲಿಮರು ಅದಕ್ಕಿಂತ ಬಹಳ ಹೆಚ್ಚು ತಾಳುತ್ತದೆ. ಆದರೂ ಇಸ್ತ್ರಿಯ ಗೆರೆ ಬೀಳುವಲ್ಲಿ, ಮೊಣಕಾಲಿನ ಹಿಂದೆ ಮುದ್ರಿಸಬೇಡಿ.

ನಿಮ್ಮ ಕಸುಬಿನವರಿಗೆ ಹಿಡಿಸಬಹುದಾದ ಸಂಗತಿಯೊಂದಿದೆ. ಜೀನ್ಸಿನ ನೀಲಿ ಬಣ್ಣವಾದ ಇಂಡಿಗೋ ಸ್ವತಃ ಒಂದು ಸಾವಯವ ಅರೆವಾಹಕ. 2012ರಲ್ಲಿ ಆಸ್ಟ್ರಿಯಾದ ಲಿಂಜ್ ವಿಶ್ವವಿದ್ಯಾಲಯದ ಸಂಶೋಧಕರು ಇಂಡಿಗೋವಿನ ತೆಳು ಪೊರೆಯಿಂದ ಟ್ರಾನ್ಸಿಸ್ಟರುಗಳನ್ನು ಮಾಡಿ ತೋರಿಸಿದರು. ಅವರು ಅದನ್ನು ನಿರ್ವಾತದಲ್ಲಿ ಆವಿಯಾಗಿಸಿ ಹಾಳೆಯ ಮೇಲೆ ಕೂರಿಸಿದ್ದರು. ದಾರಕ್ಕೆ ಅಂಟಿದ ಬಣ್ಣದಲ್ಲಿ ಆ ಗುಣವನ್ನು ಕಾಣಲಾಗದು, ಆದ್ದರಿಂದ ಮಲ್ಟಿಮೀಟರ್ ಹಿಡಿದು ಪ್ಯಾಂಟು ಅಳೆಯುವ ಶ್ರಮ ಬೇಡ.

ಪ್ರಶ್ನೆ: ಪೆಡಾಟ್ ಕೊಳ್ಳಲು ನಮ್ಮ ಶಾಲೆಗೆ ಅನುಕೂಲವಿಲ್ಲ. ಹೈಸ್ಕೂಲು ಮಕ್ಕಳಿಗೆ ಮುದ್ರಿತ ಮಂಡಲದ ತತ್ತ್ವವನ್ನು ಅಗ್ಗವಾಗಿ ತೋರಿಸಬಹುದೇ?
— ವಿಜ್ಞಾನ ಶಿಕ್ಷಕಿ, ಯಲಬುರ್ಗಾ ತಾಲ್ಲೂಕು

ಉತ್ತರ: 6ಬಿ ಅಥವಾ 8ಬಿ ಪೆನ್ಸಿಲು, ದಪ್ಪ ಕಾಗದ, 9 ವೋಲ್ಟಿನ ಬ್ಯಾಟರಿ, ಒಂದು ಎಲ್‌ಇಡಿ ಮತ್ತು ಮಲ್ಟಿಮೀಟರ್ ಸಾಕು. ಪೆನ್ಸಿಲಿನ ಗ್ರ್ಯಾಫೈಟ್ ಪಾಲಿಮರಲ್ಲ, ಆದರೆ ಇಂಗಾಲದ್ದೇ ವಾಹಕ. ಒಂದು ಸೆಂಟಿಮೀಟರ್ ಅಗಲದ ಪಟ್ಟಿಯನ್ನು ಕಾಗದ ಹೊಳೆಯುವವರೆಗೂ ತಿಕ್ಕಿ ಬಳಿದು, ಅದನ್ನು ಬ್ಯಾಟರಿ ಮತ್ತು ಎಲ್‌ಇಡಿಯ ನಡುವೆ ಸೇರಿಸಿದರೆ ದೀಪ ಮಂದವಾಗಿ ಹೊತ್ತುತ್ತದೆ. ತಂತಿಯ ತುದಿಯನ್ನು ಪಟ್ಟಿಯ ಮೇಲೆ ಸರಿಸುತ್ತ ಹೋದಂತೆ ಬೆಳಕು ಏರಿಳಿಯುತ್ತದೆ. ಎಲ್‌ಇಡಿಯನ್ನು ನೇರವಾಗಿ ಬ್ಯಾಟರಿಗೆ ಹಚ್ಚಿದರೆ ಸುಟ್ಟುಹೋಗುತ್ತದೆಂದು ಮಕ್ಕಳಿಗೆ ಮೊದಲೇ ಹೇಳಿಡಿ.

ಇದಕ್ಕಿಂತ ಒಳ್ಳೆಯ ಪ್ರಯೋಗ ಚೌಕಗಳದು. 1 ಸೆಂಟಿಮೀಟರಿನ ಒಂದು ಚೌಕ, 3 ಸೆಂಟಿಮೀಟರಿನ ಇನ್ನೊಂದು ಚೌಕವನ್ನು ಒಂದೇ ಒತ್ತಡದಲ್ಲಿ ಬಳಿಸಿ, ಎದುರುಬದುರಿನ ಅಂಚುಗಳಿಗೆ ಪೂರ್ತಿ ಅಗಲಕ್ಕೆ ಅಲ್ಯೂಮಿನಿಯಮ್ ಹಾಳೆಯ ಪಟ್ಟಿ ಒತ್ತಿ ಹಿಡಿಸಿ ರೋಧ ಅಳೆಯಿಸಿರಿ. ಗ್ರ್ಯಾಫೈಟಿನಲ್ಲಿ ಹುಳಿಯಿಲ್ಲವಾದ್ದರಿಂದ ಇಲ್ಲಿ ಅಲ್ಯೂಮಿನಿಯಮ್ ನಡೆಯುತ್ತದೆ. ದೊಡ್ಡ ಚೌಕದ ರೋಧ ಹೆಚ್ಚೆಂದೇ ಬಹಳಷ್ಟು ಮಕ್ಕಳು ಊಹಿಸುತ್ತಾರೆ. ಅಳತೆಗಳು ಹತ್ತಿರ ಹತ್ತಿರ ಬರುತ್ತವೆ. ಕೈಬರಹದ ಲೇಪನ ಎಲ್ಲೆಡೆ ಒಂದೇ ದಪ್ಪ ಇರದಿರುವುದರಿಂದ ಸ್ವಲ್ಪ ವ್ಯತ್ಯಾಸ ಇದ್ದೇ ಇರುತ್ತದೆ; ಒಂದೇ ಚೌಕವನ್ನು ಐದು ಮಕ್ಕಳಿಂದ ಬಳಿಸಿ ಸರಾಸರಿ ತೆಗೆದರೆ ಆ ವ್ಯತ್ಯಾಸ ಎಲ್ಲಿಂದ ಬಂತೆಂದು ಅವರೇ ಹೇಳುತ್ತಾರೆ.